ಹಾಡು-ಪುಸ್ತಕಕ್ಕೊಂದು ಕಂಪನಿ: ಹೊಲ ಉಳಿಸಿಕೊಂಡು ಕಲೆ ನಡೆಸುವ ದಾರಿ

‘ಕಂಪನಿ’ ಅನ್ನೋ ಮಾತು ನಮ್ಮ ಮಡಕಶಿರಾ ಸೀಮೆಗೆ ಹೊಸದೇನಲ್ಲ. 1800ರಲ್ಲಿ ನಿಜಾಮರು ಈ ದತ್ತ ಮಂಡಲವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ನಮ್ಮ ಹಿರೀಕರ ಬಾಯಲ್ಲಿ ಅದು ‘ಕುಂಪಣಿ ಸರ್ಕಾರ’. ಆಮೇಲೆ ಬಂದದ್ದು ನಾಟಕದ ಕಂಪನಿ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಹೆಸರು ಕೇಳದ ಮನೆ ಗಡಿಯ ಈಚೆಗೂ ಇಲ್ಲ, ಆಚೆಗೂ ಇಲ್ಲ. ಈಗಂತೂ ರೈತ ಉತ್ಪಾದಕ ಕಂಪನಿಗಳು ಬಂದು, ನಮ್ಮಲ್ಲಿ ಎಷ್ಟೋ ಜನ ಅಡಂಗಲ್, ಪಾಸ್‌ಬುಕ್ ಜತೆಗೆ ಷೇರು ಸರ್ಟಿಫಿಕೇಟನ್ನೂ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾರೆ. ಹೀಗಿದ್ದೂ ಹಾಡು, ಕವಿತೆ, ನಾಟಕ ಅಂದ ಕೂಡಲೇ ನಾವು ಬಾಯಿಮಾತಿನಲ್ಲೇ ವ್ಯವಹಾರ ಮುಗಿಸುತ್ತೇವೆ. ದುಡ್ಡು ಯಾರ ಜೇಬಿನಿಂದ ಬಂತು, ಸಾಲ ಯಾರ ತಲೆಗೆ, ಹಾಡು ಯಾರದು ಎಂಬುದು ಜಗಳ ಹತ್ತಿದ ಮೇಲೆ ಏಳುವ ಪ್ರಶ್ನೆಗಳು.

ನಮ್ಮ ಕಡೆ ಒಬ್ಬ ಹಾರ್ಮೋನಿಯಂ ಮೇಷ್ಟ್ರು ಇದ್ದರು. ಕನ್ನಡದಲ್ಲಿ ಕುರುಕ್ಷೇತ್ರ ಕಲಿಸಿದಷ್ಟೇ ಸಲೀಸಾಗಿ ತೆಲುಗಿನ ಪದ್ಯಗಳನ್ನೂ ಕಲಿಸುತ್ತಿದ್ದರು. ಒಂದು ವರ್ಷ ಸೀನರಿ, ಲೈಟು, ಮೈಕು, ಪಾತ್ರಧಾರಿಣಿಯರ ಸಂಭಾವನೆ ಎಲ್ಲವನ್ನೂ ತಮ್ಮ ಹೆಸರಿನಲ್ಲೇ ಒಪ್ಪಿಕೊಂಡು ಟಿಕೆಟ್ ನಾಟಕ ಇಟ್ಟರು. ಮೂರು ರಾತ್ರಿಯೂ ಮಳೆ. ಬರಗಾಲದ ಸೀಮೆಯಲ್ಲಿ ಮಳೆ ಬಂತಲ್ಲಾ ಎಂದು ಊರೆಲ್ಲ ಸಂತೋಷಪಟ್ಟಿತು, ಮೇಷ್ಟ್ರ ಎರಡು ಎಕರೆ ಹೊಲ ಹೋಯಿತು. ಕಲೆಗಾಗಿ ಹೊಲ ಮಾರಿದ ಮಹಾನುಭಾವ ಎಂದು ಈಗಲೂ ಹೊಗಳುತ್ತಾರೆ. ಹೊಗಳುವವರಿಗೇನು ಕಷ್ಟ? ಸೀನರಿಯವನ ಬಾಕಿಗೂ ಮೇಷ್ಟ್ರ ಹೊಲಕ್ಕೂ ನಡುವೆ ಒಂದು ಬದು ಇದ್ದಿದ್ದರೆ ಹೊಲ ಉಳಿಯುತ್ತಿತ್ತು. ಲಿಮಿಟೆಡ್ ಕಂಪನಿ ಅಂದರೆ ಆ ಬದುವೇ.

ಇದರ ಮೂಲ ತಿಳಿಯಬೇಕಾದರೆ ಲಂಡನ್ನಿನ ಒಬ್ಬ ಬೂಟು ತಯಾರಕನ ಕಥೆ ಕೇಳಬೇಕು. ಆರನ್ ಸಾಲೊಮನ್ ಅಂತ ಹೆಸರು. 1892ರಲ್ಲಿ ತನ್ನ ಅಂಗಡಿಯನ್ನು ಕಂಪನಿ ಮಾಡಿದ. ಷೇರುದಾರರು ಏಳು ಜನ: ತಾನು, ಹೆಂಡತಿ, ಐದು ಮಕ್ಕಳು. ಉಳಿದವರಿಗೆ ಒಂದೊಂದು ಷೇರು, ಮಿಕ್ಕ 20,001 ಷೇರೂ ಇವನದೇ. ಕಂಪನಿ ಮುಳುಗಿದಾಗ ಸಾಲಗಾರರು ‘ಕಂಪನಿ ಅಂದರೆ ಇವನೇ ತಾನೆ, ಇವನಿಂದಲೇ ವಸೂಲಿ ಮಾಡಿ’ ಎಂದರು. ಅಲ್ಲಿನ ಅತ್ಯುನ್ನತ ನ್ಯಾಯಪೀಠ ಒಪ್ಪಲಿಲ್ಲ. ಕ್ರಮವಾಗಿ ನೋಂದಣಿಯಾದ ಕಂಪನಿ ಕಾನೂನಿನ ಕಣ್ಣಲ್ಲಿ ಬೇರೆಯೇ ಒಬ್ಬ ವ್ಯಕ್ತಿ ಎಂದು ತೀರ್ಪಾಯಿತು. ಇವತ್ತಿಗೂ ನಮ್ಮ ದೇಶದ ಕೋರ್ಟುಗಳು ಆ ಮಾತಿಗೇ ಬಂದು ನಿಲ್ಲುತ್ತವೆ.

ನಾವು ಐದು ಜನ ಕೂಡಿ ಪ್ರೈವೇಟ್ ಲಿಮಿಟೆಡ್ ಮಾಡಿದ್ದು ಇದನ್ನು ತಿಳಿದುಕೊಂಡ ಮೇಲೆಯೇ. ಎರಡೂ ಭಾಷೆಯಲ್ಲಿ ಬರೆಯುವ ಇಬ್ಬರು, ಹಾರ್ಮೋನಿಯಂ ಬಲ್ಲವರೊಬ್ಬರು, ಸೋಬಾನೆ ಹಾಡುವ ಅಕ್ಕ ಒಬ್ಬರು, ಲೆಕ್ಕ ಬಲ್ಲ ಶೆಟ್ಟರೊಬ್ಬರು. ಎಡಪುಟದಲ್ಲಿ ಕನ್ನಡ, ಬಲಪುಟದಲ್ಲಿ ತೆಲುಗು ಇರುವ ಸಣ್ಣ ಪುಸ್ತಕ ಅಚ್ಚು ಹಾಕಿಸುವುದು, ಹಾಡುಗಳನ್ನು ರೆಕಾರ್ಡ್ ಮಾಡಿಸಿ ಮೊಬೈಲಿನಲ್ಲಿ ಕೇಳುವಂತೆ ಬಿಡುವುದು, ಇಷ್ಟೇ ಉದ್ದೇಶ.

ಸಂಘ ಮಾಡಬಹುದಿತ್ತಲ್ಲ ಎಂದು ಕೇಳುವವರುಂಟು. ಲಾಭ ಹಂಚಿಕೊಳ್ಳುವ ಇರಾದೆ ಇಲ್ಲದಿದ್ದರೆ ಸಂಘವೇ ಸರಿ. ಧರ್ಮಾವರಂ ಹತ್ತಿರದ ನಿಮ್ಮಲಕುಂಟದ ತೊಗಲುಗೊಂಬೆಯವರಂಥ ಕಸಬುದಾರರಿಗೆ ಉತ್ಪಾದಕ ಕಂಪನಿಯೂ ಹೊಂದುತ್ತದೆ. ಕರಕುಶಲ ವಸ್ತುವನ್ನೂ ಆ ಕಾನೂನು ಬೆಳೆಯಂತೆಯೇ ಉತ್ಪನ್ನ ಅನ್ನುತ್ತದೆ, ಆದರೆ ಕನಿಷ್ಠ ಹತ್ತು ಜನ ಉತ್ಪಾದಕರು ಬೇಕು. ಹಾಡು-ಕವಿತೆ ಆ ಲೆಕ್ಕಕ್ಕೆ ಸೇರುವುದಿಲ್ಲ. 2008ರ ಕಾನೂನಿನ ಎಲ್‌ಎಲ್‌ಪಿ ಎಂಬುದೊಂದಿದೆ. ಅದರಲ್ಲಿ ವಹಿವಾಟು 40 ಲಕ್ಷ ದಾಟುವವರೆಗೆ, ಹಾಕಿದ ಬಂಡವಾಳ 25 ಲಕ್ಷ ದಾಟುವವರೆಗೆ ಆಡಿಟ್ ಕಡ್ಡಾಯವಿಲ್ಲ. ತಾಪತ್ರಯ ಕಡಿಮೆ. ಆದರೆ ನಾಳೆ ಹೊಸಬರು ನಾಕು ಜನ ಸಣ್ಣ ಸಣ್ಣ ದುಡ್ಡು ಹಾಕಿ ಸೇರಬೇಕಾದರೆ ಷೇರಿನ ಲೆಕ್ಕವೇ ಸಲೀಸು ಎಂದು ಶೆಟ್ಟರ ಅಭಿಪ್ರಾಯ, ನಾವೂ ಒಪ್ಪಿದೆವು.

2013ರ ಕಂಪನಿ ಕಾನೂನಿನಂತೆ ಪ್ರೈವೇಟ್ ಕಂಪನಿಗೆ ಇಬ್ಬರು ಷೇರುದಾರರು, ಇಬ್ಬರು ಡೈರೆಕ್ಟರುಗಳು ಸಾಕು. ಅವರೇ ಇವರಾದರೂ ಅಡ್ಡಿಯಿಲ್ಲ. ಒಂದು ಲಕ್ಷ ಬಂಡವಾಳ ಇರಲೇಬೇಕೆಂಬ ಕಟ್ಟಳೆ 2015ರಲ್ಲೇ ಹೋಯಿತು. ಅಧಿಕೃತ ಬಂಡವಾಳ 15 ಲಕ್ಷದೊಳಗಿದ್ದರೆ ನೋಂದಣಿ ಶುಲ್ಕವೂ ಇಲ್ಲ, ಸ್ಟಾಂಪ್ ಡ್ಯೂಟಿ ಮಾತ್ರ ಆಯಾ ರಾಜ್ಯದ ಲೆಕ್ಕದಂತೆ. ಅರ್ಜಿಯೆಲ್ಲಾ ಕಂಪ್ಯೂಟರಿನಲ್ಲೇ. ಹೆಸರು, ಡೈರೆಕ್ಟರ್ ನಂಬರು, ಪ್ಯಾನು ಎಲ್ಲಾ ‘ಸ್ಪೈಸ್ ಪ್ಲಸ್’ ಎಂಬ ಒಂದೇ ಫಾರಂನಲ್ಲಿ ಆಗುತ್ತವೆ.

ಗಡಿಯವರಿಗೆ ತೊಡಕು ಬರುವುದು ಬೇರೆ ಕಡೆ. ತೆಲುಗು ಪದ್ಧತಿಯಲ್ಲಿ ಮನೆತನದ ಹೆಸರು ಮುಂದೆ, ನಮ್ಮಲ್ಲಿ ಅಪ್ಪನ ಹೆಸರಿನ ಅಕ್ಷರ ಹಿಂದೆಯೋ ಮುಂದೆಯೋ. ಆಧಾರ್‌ನಲ್ಲೊಂದು, ಪ್ಯಾನಿನಲ್ಲೊಂದು, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಮತ್ತೊಂದು. ಆಡಿಟರ ಮುಂದೆ ಕೂರುವ ಮೊದಲೇ ಇದನ್ನು ಸರಿಮಾಡಿಸಿಕೊಂಡು ಹೋಗುವುದು ಜಾಣತನ.

ಎರಡನೆಯದು, ಕಚೇರಿ ಯಾವ ರಾಜ್ಯದಲ್ಲಿ? ಮಡಕಶಿರಾಕ್ಕೆ ಮೂರು ಕಡೆ ಕರ್ನಾಟಕ, ಪಾವಗಡಕ್ಕೆ ಬಹುಪಾಲು ಸುತ್ತ ಆಂಧ್ರ. ನಮ್ಮ ಸದಸ್ಯರು ಎರಡೂ ಕಡೆಯವರು. ಕಂಪನಿ ದೇಶದ ಎಲ್ಲಿ ಬೇಕಾದರೂ ವ್ಯಾಪಾರ ಮಾಡಬಹುದು, ಆದರೆ ನೋಂದಾಯಿತ ಕಚೇರಿಯ ರಾಜ್ಯ ಮೂಲಪತ್ರದಲ್ಲೇ ಬರೆದಿರುತ್ತದೆ. ಆಮೇಲೆ ಗಡಿ ದಾಟಿಸಬೇಕಾದರೆ ಕೇಂದ್ರ ಸರ್ಕಾರದ ರೀಜನಲ್ ಡೈರೆಕ್ಟರ ಅಪ್ಪಣೆ ಬೇಕು. ನೋಟೀಸು ಬಂದರೆ ದಿನಾ ಬಾಗಿಲು ತೆಗೆದು ತೆಗೆದುಕೊಳ್ಳುವವರು ಎಲ್ಲಿದ್ದಾರೋ ಅಲ್ಲೇ ಇರಲಿ ಎಂದು ನಾವು ಶೆಟ್ಟರ ಮಹಡಿಯನ್ನೇ ಆರಿಸಿಕೊಂಡೆವು. ಮನೆಯೊಡೆಯರ ಒಪ್ಪಿಗೆ ಪತ್ರ, ಎರಡು ತಿಂಗಳೊಳಗಿನ ಕರೆಂಟ್ ಬಿಲ್ಲು ಕೊಟ್ಟರೆ ಆಯಿತು.

ಹಾಡು ಯಾರದು?

ಇನ್ನು ಮುಖ್ಯ ವಿಷಯ. ಕಂಪನಿ ಬೇರೆ ವ್ಯಕ್ತಿ ಅಂದ ಮೇಲೆ, ನಾನು ಡೈರೆಕ್ಟರಾಗಿದ್ದ ಮಾತ್ರಕ್ಕೆ ನಾನು ಬರೆದ ಹಾಡು ಕಂಪನಿಯ ಸ್ವತ್ತಾಗುವುದಿಲ್ಲ. ನೌಕರಿಯ ಕರಾರಿನಲ್ಲಿ ಬರೆದದ್ದಾದರೆ ಬೇರೆ ಮಾತು. ಇಲ್ಲವಾದರೆ ಮೊದಲ ಹಕ್ಕುದಾರ ಬರೆದವನೇ. ಕಂಪನಿಗೆ ಕೊಡಬೇಕೆಂದರೆ ಕಾಗದದಲ್ಲಿ ಬರೆದು ಸಹಿ ಹಾಕಬೇಕು: ಯಾವ ಕೃತಿ, ಯಾವ ಹಕ್ಕು, ಎಷ್ಟು ವರ್ಷ, ಯಾವ ಪ್ರದೇಶಕ್ಕೆ, ರಾಯಲ್ಟಿ ಎಷ್ಟು. ವರ್ಷ ಬರೆಯದಿದ್ದರೆ ಐದೇ ವರ್ಷ ಎಂದು ಕಾಪಿರೈಟ್ ಕಾನೂನು ತಿಳಿಯುತ್ತದೆ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹೊಲವನ್ನು ಗುತ್ತಿಗೆಗೆ ಕೊಟ್ಟಂತೆಯೇ ಇದು. ನಮ್ಮ ಕಂಪನಿಗೆ ಇಬ್ಬರು ಕವಿಗಳೂ ಹತ್ತು ವರ್ಷಕ್ಕೆ ಮಾತ್ರ, ಪುಸ್ತಕದ ಹಕ್ಕು ಬೇರೆ, ರೆಕಾರ್ಡಿನ ಹಕ್ಕು ಬೇರೆ ಎಂದು ಬರೆದುಕೊಟ್ಟಿದ್ದೇವೆ. ಸ್ನೇಹಿತರ ನಡುವೆ ಇದೆಲ್ಲಾ ಯಾಕೆ ಎಂದು ಮೂಗು ಮುರಿದವರಿದ್ದರು. ಕೃತಿಯ ಹಕ್ಕು ಕರ್ತೃ ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಆಗ ಮಾತಾಡುವವರು ನಮ್ಮ ಮೊಮ್ಮಕ್ಕಳು, ಅವರು ಸ್ನೇಹಿತರಾಗಿಯೇ ಇರುತ್ತಾರೆಂದು ಯಾರು ಹೇಳಿಯಾರು?

2012ರ ತಿದ್ದುಪಡಿಯನ್ನೂ ನಮ್ಮ ಹಾಡುಗಾರರು ತಿಳಿದಿರಬೇಕು. ರೆಕಾರ್ಡಿನಲ್ಲಿ ಸೇರಿದ ಸಾಹಿತ್ಯಕ್ಕೆ, ಸಂಗೀತಕ್ಕೆ ರಾಯಲ್ಟಿಯಲ್ಲಿ ಸಮಪಾಲು ಕೇಳುವ ಹಕ್ಕು ಕರ್ತೃವಿಗೆ ಉಳಿದೇ ಇರುತ್ತದೆ. ವಾರಸುದಾರರಿಗೆ ಅಥವಾ ಕಾಪಿರೈಟ್ ಸೊಸೈಟಿಗೆ ಬಿಟ್ಟು ಬೇರೆ ಯಾರಿಗೂ ಅದನ್ನು ಬರೆದುಕೊಡಲು ಬರುವುದಿಲ್ಲ. ಅಕ್ಕ ಹಾಡುವ ಸೋಬಾನೆ ಪದಗಳ ಮಾತು ಬೇರೆ. ತಲೆತಲಾಂತರದಿಂದ ಬಂದ ಆ ಪದಗಳು ಯಾರ ಸ್ವತ್ತೂ ಅಲ್ಲ, ಕಂಪನಿಯದಂತೂ ಅಲ್ಲವೇ ಅಲ್ಲ. ನಾವು ಮಾಡಿಸಿದ ರೆಕಾರ್ಡು ಮಾತ್ರ ಕಂಪನಿಯದು, ಅದರಲ್ಲೂ ಹಾಡಿದವರಿಗೆ ಅವರದೇ ಹಕ್ಕುಂಟು.

ಬದು ಒಡೆಯುವುದು ಎಲ್ಲಿ

ಷೇರಿನ ದುಡ್ಡು ಪೂರ್ತಿ ಕಟ್ಟಿದ ಮೇಲೆ ಕಂಪನಿಯ ಸಾಲಕ್ಕೆ ಷೇರುದಾರ ಹೊಣೆಯಲ್ಲ. ಆದರೆ ಬ್ಯಾಂಕಿನವರು ಸಣ್ಣ ಕಂಪನಿಗೆ ಸಾಲ ಕೊಡುವಾಗ ಡೈರೆಕ್ಟರುಗಳ ಸ್ವಂತ ಜಾಮೀನು ಕೇಳುವುದು ವಾಡಿಕೆ. ಅಲ್ಲಿ ಸಹಿ ಹಾಕಿದಿರೋ, ಬದುವನ್ನು ನೀವೇ ಒಡೆದಂತೆ. ನಾವು ಸದ್ಯಕ್ಕೆ ಸಾಲವೇ ಬೇಡ, ಒಂದು ಪುಸ್ತಕ ಮಾರಿದ ದುಡ್ಡಲ್ಲಿ ಇನ್ನೊಂದು ಎಂದುಕೊಂಡಿದ್ದೇವೆ. ವಂಚನೆ ನಡೆದರೂ ಕಾನೂನು ಕಂಪನಿಯ ಪರದೆ ಸರಿಸಿ ಒಳಗಿದ್ದವರನ್ನು ಹಿಡಿಯುತ್ತದೆ. ಕಂಪನಿ ಖಾತೆಯಿಂದ ಬಿತ್ತನೆಕಾಯಿಗೆ ದುಡ್ಡು ತೆಗೆದು, ಮಾರಿದ ಮೇಲೆ ಹಾಕಿದರಾಯಿತು ಅನ್ನುವುದೂ ನಡೆಯುವುದಿಲ್ಲ. ಅದು ಬೇರೆಯವರ ದುಡ್ಡು.

ಖರ್ಚು ಶುರುವಿನಲ್ಲಿ ಅಲ್ಲ, ಪ್ರತಿ ವರ್ಷ. ನೋಂದಣಿಯಾದ 30 ದಿನದಲ್ಲಿ ಮೊದಲ ಆಡಿಟರ ನೇಮಕ. 180 ದಿನದೊಳಗೆ ಷೇರು ದುಡ್ಡು ಖಾತೆಗೆ ಬಂತೆಂದು ಘೋಷಣೆ. ಕೊಡದಿದ್ದರೆ ಕಂಪನಿಗೆ 50 ಸಾವಿರ ದಂಡ. ಒಂದು ರೂಪಾಯಿ ವ್ಯಾಪಾರ ಆಗದಿದ್ದರೂ ಆಡಿಟ್ ಆಗಲೇಬೇಕು, ವಾರ್ಷಿಕ ಫಾರಂ ಹಾಕಲೇಬೇಕು. ತಡವಾದರೆ ಒಂದೊಂದು ಫಾರಂಗೆ ದಿನಕ್ಕೆ 100 ರೂಪಾಯಿ. ಹೀಗೆ ಬಿಟ್ಟು ಮರೆತ ಕಂಪನಿಗಳು ಸೇರಿ ಎರಡು ಲಕ್ಷಕ್ಕೂ ಹೆಚ್ಚನ್ನು 2017ರ ಸುಮಾರಿಗೆ ಸರ್ಕಾರ ಪಟ್ಟಿಯಿಂದ ತೆಗೆದುಹಾಕಿತು. ವರ್ಷಕ್ಕೊಂದು ಪುಸ್ತಕ ಮಾತ್ರ ತರುವವರು ಈ ಗೋಜಿಗೆ ಹೋಗಬೇಡಿ, ಸ್ವಂತ ಹೆಸರಿನಲ್ಲೇ ಮಾಡಿಕೊಳ್ಳಿ. ಹೊರಗಿನವರ ದುಡ್ಡು, ಹಲವರ ದುಡಿಮೆ, ದೊಡ್ಡ ಬಾಕಿ ಸೇರುವುದಿದ್ದರೆ ಕಂಪನಿ ಯೋಚಿಸಿ. ಆಡಿಟರ ವರ್ಷದ ಫೀಸು ಎಷ್ಟೆಂದು ಮೊದಲೇ ಕೇಳಿ ಬರೆಸಿಕೊಳ್ಳಿ.

ವಾರ್ಷಿಕ ಮಹಾಸಭೆ ಸೆಪ್ಟೆಂಬರ್ 30ರೊಳಗೆ, ಲೆಕ್ಕದ ಫಾರಂ ಅಲ್ಲಿಂದ 30 ದಿನದಲ್ಲಿ. ಅದು ಸರಿಯಾಗಿ ಕಡ್ಲೆಕಾಯಿ ಕೀಳುವ ಕಾಲ. ಹಾಗಾಗಿ ನಮ್ಮ ಸಭೆಯನ್ನು ಆಗಸ್ಟಿಗೇ ಎಳೆದುಕೊಂಡಿದ್ದೇವೆ. ಬೋರ್ಡಿನ ವಿಷಯದಲ್ಲಿ ಕಾನೂನು ಒಂದು ಒಳ್ಳೆ ಮಾತು ಹೇಳುತ್ತದೆ: ಕಂಪನಿ ಹೆಸರನ್ನು ಕಚೇರಿ ಹೊರಗೆ ಆ ಊರಿನಲ್ಲಿ ನಡೆಯುವ ಭಾಷೆಗಳಲ್ಲಿ ಒಂದರ ಅಕ್ಷರದಲ್ಲಾದರೂ ಬರೆಸಿರಬೇಕು. ಶೆಟ್ಟರ ಮಹಡಿಯ ಮೇಲೆ ನಾವು ಎರಡರಲ್ಲೂ ಬರೆಸಿದ್ದೇವೆ. ಬರೆದ ಪೇಂಟರು ಬಿಲ್ಲನ್ನು ಯಾರ ಹೆಸರಿಗೆ ಹಾಕಲಿ ಎಂದು ಕೇಳಿದಾಗ ಐವರೂ ಒಟ್ಟಿಗೇ ಕಂಪನಿ ಹೆಸರು ಹೇಳಿದೆವು.