ತುಣುಕು ತುಣುಕಾಗಿ ಬರುವ ಪಾಠ

ಪರೀಕ್ಷೆಯ ಹಿಂದಿನ ರಾತ್ರಿ. ಮೊಬೈಲಿನಲ್ಲಿ ಪಾಠ ನೋಡುತ್ತಿರುವಾಗ ಚಿತ್ರ ಥಟ್ಟನೆ ನಿಂತು, ಪರದೆಯ ನಡುವೆ ಚಕ್ರವೊಂದು ಸುತ್ತತೊಡಗುತ್ತದೆ. ಹೀಗೇಕೆ?

ಒಂದು ಕಾಲದಲ್ಲಿ ಇಂಟರ್‌ನೆಟ್‌ನಿಂದ ಇಡೀ ಹಾಡನ್ನು ಇಳಿಸಿಕೊಂಡ ಮೇಲಷ್ಟೇ ಕೇಳಬೇಕಿತ್ತು. 1995ರಲ್ಲಿ ಬಂದ ರಿಯಲ್‌ಆಡಿಯೊ, ಹಾಡು ಬರುತ್ತಿರುವಾಗಲೇ ಕೇಳುವ ವಿಧಾನವನ್ನು ಜನಪ್ರಿಯಗೊಳಿಸಿತು. ಇದೇ ಸ್ಟ್ರೀಮಿಂಗ್.

ಇಂದು ಸಾಮಾನ್ಯವಾಗಿ ವಿಡಿಯೊವನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಪ್ರತಿಯೊಂದನ್ನೂ ಹಲವು ಗುಣಮಟ್ಟಗಳಲ್ಲಿ ಸರ್ವರ್‌ನಲ್ಲಿ ಇಟ್ಟಿರುತ್ತಾರೆ. ಮೊಬೈಲು ಒಂದೊಂದೇ ತುಣುಕನ್ನು ತರಿಸಿಕೊಂಡು, ಮುಂದೆ ತೋರಿಸಬೇಕಾದ ಕೆಲವನ್ನು ಬಫರ್‌ನಲ್ಲಿ ಕೂಡಿಡುತ್ತದೆ. ಬಫರ್ ಎಂದರೆ ಮನೆಯ ಮೇಲಿನ ನೀರಿನ ಟ್ಯಾಂಕ್ ಇದ್ದಂತೆ. ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೂ ಟ್ಯಾಂಕ್ ತುಂಬಿರುವ ತನಕ ಚಿಂತೆಯಿಲ್ಲ. ಅದು ಬರಿದಾದಾಗಲೇ ಚಕ್ರ ಸುತ್ತುವುದು!

ಹಾಗಾಗದಿರಲೆಂದು, ವೇಗ ಕುಸಿದಾಗ ಮೊಬೈಲು ಕಡಿಮೆ ಗುಣಮಟ್ಟದ ತುಣುಕನ್ನು ತರಿಸಿಕೊಳ್ಳುತ್ತದೆ. ಚಿತ್ರ ಮಸುಕಾಗುವುದು ಆಗ. ವೇಗ ಚೆನ್ನಾಗಿದ್ದರೆ ಮೇಲ್ದರ್ಜೆಯದನ್ನೇ ತರಿಸುತ್ತದೆ. ಮನೆಯವರ ಜೇಬಿಗೆ ಹೊರೆಯಾಗುವುದು ಇದೇ.

ಒಂದು ಲೆಕ್ಕ ಮಾಡಿ ನೋಡೋಣ. ಸೆಕೆಂಡಿಗೆ 4 ಮೆಗಾಬಿಟ್ ಬೇಡುವ ವಿಡಿಯೊಗೆ ಗಂಟೆಗೆ 4 × 3,600 = 14,400 ಮೆಗಾಬಿಟ್ ಬೇಕು. 8 ಬಿಟ್ ಸೇರಿದರೆ ಒಂದು ಬೈಟ್. ಅಂದರೆ 1,800 ಮೆಗಾಬೈಟ್. ದಿನಕ್ಕೆ 1,500 ಮೆಗಾಬೈಟ್ ಸಿಗುವ ಪ್ಯಾಕ್ ಆದರೆ 50 ನಿಮಿಷಕ್ಕೇ ಖಾಲಿ. ಸೆಕೆಂಡಿಗೆ 1 ಮೆಗಾಬಿಟ್‌ನ ವಿಡಿಯೊ ಆದರೋ, ಮೂರು ಗಂಟೆಗೂ ಮಿಕ್ಕಿ ನೋಡಬಹುದು.

ಪಾಠಕ್ಕೆ ಬೇಕಾದದ್ದು ಹಲಗೆಯ ಮೇಲಿನ ಅಕ್ಷರ ಓದುವಷ್ಟು ಸ್ಪಷ್ಟತೆ. ಸೆಟ್ಟಿಂಗ್ಸ್‌ನಲ್ಲಿ ಗುಣಮಟ್ಟವನ್ನು ಅಷ್ಟಕ್ಕೇ ನಿಲ್ಲಿಸಿದರೆ, ಅಣ್ಣನ ಪಾಠ ಮುಗಿದ ಮೇಲೂ ಅದೇ ಮೊಬೈಲಿನಲ್ಲಿ ತಂಗಿಯ ಪಾಠಕ್ಕೆ ಡೇಟಾ ಉಳಿದಿರುತ್ತದೆ.