ಮಾತ್ರೆ ಅರ್ಧ, ಔಷಧವೂ ಅರ್ಧವೇ?

ಆಫ್ರಿಕಾದ ಮಲಾವಿ ದೇಶ 2004ರಲ್ಲಿ ಎಚ್‌ಐವಿ ಸೋಂಕಿತರಿಗೆ ಉಚಿತ ಚಿಕಿತ್ಸೆ ಆರಂಭಿಸಿದಾಗ ನೆಚ್ಚಿಕೊಂಡದ್ದು ನಮ್ಮ ಸಿಪ್ಲಾ ಕಂಪನಿಯ ಟ್ರೈಒಮ್ಯೂನ್ ಮಾತ್ರೆಯನ್ನು. ಸ್ಟಾವುಡಿನ್ 30 ಮಿಲಿಗ್ರಾಂ, ಲ್ಯಾಮಿವುಡಿನ್ 150, ನೆವಿರಪಿನ್ 200: ಮೂರೂ ಒಂದೇ ಮಾತ್ರೆಯಲ್ಲಿ, ದಿನಕ್ಕೆರಡು ಸಲ. ದೊಡ್ಡವರ ಪಾಲಿಗೆ ಅದು ವರವಾಯಿತು. ಮಕ್ಕಳ ಅಳತೆಯ ಮಾತ್ರೆ ಆಗ ಸಿಗುತ್ತಿರಲಿಲ್ಲ. ಸಿರಪ್ ದುಬಾರಿ, ಸ್ಟಾವುಡಿನ್ ದ್ರಾವಣವನ್ನಂತೂ ಫ್ರಿಜ್‌ನಲ್ಲೇ ಇಡಬೇಕು. ಹಾಗಾಗಿ ಮಗುವಿನ ತೂಕ ನೋಡಿ ದೊಡ್ಡವರ ಮಾತ್ರೆಯನ್ನೇ ಅರ್ಧ, ಕಾಲು ಮಾಡಿ ಕೊಟ್ಟರು.

ಆ ತುಂಡಿನಲ್ಲಿ ಮೂರೂ ಔಷಧ ಸಮಪಾಲಾಗಿ ಬಂದಿರುತ್ತವೆಯೇ? ಮಾಮೂಲಿ ಗುಣಮಟ್ಟ ಪರೀಕ್ಷೆ ಇದಕ್ಕೆ ಉತ್ತರ ಕೊಡುವುದಿಲ್ಲ. ಅಲ್ಲಿ ಸಾಮಾನ್ಯವಾಗಿ ಇಪ್ಪತ್ತು ಮಾತ್ರೆಗಳನ್ನು ಒಟ್ಟಿಗೆ ಅರೆದು ಪುಡಿ ಮಾಡಿ, ಅದರಲ್ಲಿ ಸ್ವಲ್ಪ ತೆಗೆದು ಅಳೆಯುತ್ತಾರೆ. ಸಿಗುವುದು ಸರಾಸರಿ. ಒಂದು ತುಂಡಿನ ಕೊರತೆ ಇನ್ನೊಂದರ ಹೆಚ್ಚಳದಲ್ಲಿ ಮುಚ್ಚಿಹೋಗುತ್ತದೆ. ಮಗು ನುಂಗುವುದು ಸರಾಸರಿಯನ್ನಲ್ಲ, ಒಂದು ತುಂಡನ್ನು.

ಆದ್ದರಿಂದ ತುಂಡುಗಳನ್ನು ಒಂದೊಂದಾಗಿಯೇ ಪರೀಕ್ಷಿಸಬೇಕು. ಮೊದಲು ಸೂಕ್ಷ್ಮ ತಕ್ಕಡಿಯಲ್ಲಿ ಪ್ರತಿ ತುಂಡಿನ ತೂಕ. ನಂತರ ಪ್ರತಿಯೊಂದನ್ನೂ ಬೇರೆ ಬೇರೆ ಫ್ಲಾಸ್ಕ್‌ನಲ್ಲಿ ಕರಗಿಸಿ, ಸೋಸಿ, ಔಷಧಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರಕ್ಕೆ ಬಿಡುತ್ತಾರೆ. ಔಷಧಗಳು ಒಂದರ ಹಿಂದೊಂದು ಹೊರಬಂದು ಪರದೆಯ ಮೇಲೆ ಮೂರು ಶಿಖರಗಳು ಮೂಡುತ್ತವೆ. ಪ್ರತಿ ಶಿಖರದ ವಿಸ್ತೀರ್ಣವನ್ನು ಶುದ್ಧ ಮಾದರಿಯ ಶಿಖರಕ್ಕೆ ಹೋಲಿಸಿದರೆ ಯಾವ ಔಷಧ ಎಷ್ಟಿದೆ ಎಂಬ ಲೆಕ್ಕ ಸಿಗುತ್ತದೆ.

ತೂಕ ಮತ್ತು ಔಷಧದ ಅಂಕಿಗಳನ್ನು ಅಕ್ಕಪಕ್ಕ ಇಟ್ಟಾಗಲೇ ತಪ್ಪು ಎಲ್ಲಿದೆ ಎಂದು ಗೊತ್ತಾಗುವುದು. ತುಂಡು ಹಗುರವಾಗಿದ್ದು ಮೂರೂ ಔಷಧ ಅದೇ ಪ್ರಮಾಣದಲ್ಲಿ ಕಡಿಮೆಯಾಗಿದ್ದರೆ ಮಿಶ್ರಣ ಸರಿಯಿದೆ, ಮುರಿಯುವುದರಲ್ಲಿ ಎಡವಟ್ಟಾಗಿದೆ. ತೂಕ ಸರಿಯಿದ್ದೂ ಸ್ಟಾವುಡಿನ್ ಮಾತ್ರ ಏರುಪೇರಾದರೆ ಮಿಶ್ರಣದಲ್ಲೇ ದೋಷ. ಪಾಯಸದಲ್ಲಿ ಗೋಡಂಬಿ ಒಂದು ಸೌಟಿಗೆ ನಾಲ್ಕು ಬಂದು ಇನ್ನೊಂದಕ್ಕೆ ಬಾರದಿರುವಂತೆ, ಅತಿ ಕಡಿಮೆ ಪ್ರಮಾಣದ ಔಷಧಕ್ಕೇ ಈ ಅಪಾಯ ಹೆಚ್ಚು.

ಔಷಧಗಳ ಗುಣಮಟ್ಟದ ನಿಯಮಗಳ ಗ್ರಂಥವಾದ ಯುರೋಪಿಯನ್ ಫಾರ್ಮಕೋಪಿಯ 30 ಮಾತ್ರೆ ಮುರಿದು ತಲಾ ಒಂದು ತುಂಡು ತೂಗಲು ಹೇಳುತ್ತದೆ. ಸರಾಸರಿ ತೂಕದ ಶೇ 85ರಿಂದ 115ರ ಆಚೆ ಒಂದಕ್ಕಿಂತ ಹೆಚ್ಚು ತುಂಡು ಹೋಗುವಂತಿಲ್ಲ. ಶೇ 75ರಿಂದ 125ರ ಆಚೆ ಒಂದೂ ಹೋಗುವಂತಿಲ್ಲ. ಒಳ್ಳೆಯ ನಿಯಮವೇ. ಆದರೆ ತಕ್ಕಡಿಗೆ ಮೂರು ಔಷಧಗಳ ನಡುವಿನ ವ್ಯತ್ಯಾಸ ತಿಳಿಯದು. ಸಂಯೋಜಿತ ಮಾತ್ರೆಗೆ ತೂಕವೊಂದೇ ಸಾಲದು.

ಇಷ್ಟೆಲ್ಲ ಸರಿಯಾದರೂ ಇನ್ನೊಂದು ತೊಡಕಿದೆ. ಮುಂದೆ ಮಕ್ಕಳಿಗಾಗಿಯೇ ಬಂದ ಮಾತ್ರೆಯಲ್ಲಿ ಸ್ಟಾವುಡಿನ್ 6 ಮಿಲಿಗ್ರಾಂ, ಲ್ಯಾಮಿವುಡಿನ್ 30, ನೆವಿರಪಿನ್ 50. ದೊಡ್ಡವರ ಮಾತ್ರೆಯಲ್ಲಿ ನೆವಿರಪಿನ್ ಸ್ಟಾವುಡಿನ್‌ನ ಏಳು ಪಟ್ಟಿಗೂ ಕಡಿಮೆ ಇದ್ದರೆ ಇಲ್ಲಿ ಎಂಟು ಪಟ್ಟಿಗೂ ಹೆಚ್ಚು. ಪುಟ್ಟ ಮಕ್ಕಳ ದೇಹ ನೆವಿರಪಿನ್ ಅನ್ನು ಬೇಗ ಹೊರಹಾಕುತ್ತದೆ, ಅದಕ್ಕೇ ಹೆಚ್ಚು ಬೇಕು. ಎಷ್ಟೇ ನಾಜೂಕಾಗಿ ಮುರಿದರೂ ಈ ಅನುಪಾತ ಬದಲಾಗದು. ಮಲಾವಿ, ಜಾಂಬಿಯಾಗಳಲ್ಲಿ ತುಂಡು ಮಾತ್ರೆ ನುಂಗುತ್ತಿದ್ದ ಮಕ್ಕಳ ಕುರಿತು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚಿಕ್ಕ ಮಕ್ಕಳ ರಕ್ತದಲ್ಲಿ ನೆವಿರಪಿನ್ ಸಾಲದೆ ಬಂದದ್ದು ಕಂಡಿತು. ಈ ಔಷಧ ಕಡಿಮೆಯಾದರೆ ವೈರಸ್ ಬೇಗನೆ ಪ್ರತಿರೋಧ ಬೆಳೆಸಿಕೊಳ್ಳುತ್ತದೆ.

ನಮ್ಮ ಮನೆಗಳಲ್ಲೂ ಬಿಪಿಗೆ ಟೆಲ್ಮಿಸಾರ್ಟನ್ 40, ಅಮ್ಲೋಡಿಪಿನ್ 5 ಸೇರಿದ ಮಾತ್ರೆಗಳಿವೆ. ಕೆಲವು ಎರಡು ಪದರದವು. ವೈದ್ಯರು ಹೇಳದೆ ಇಂಥವನ್ನು ಮುರಿಯಬೇಡಿ. ಮಾತ್ರೆಯ ಮೇಲೆ ಮುರಿಯಲು ಅನುಕೂಲವಾಗುವ ನಡುಗೆರೆ ಇದೆಯೇ ನೋಡಿ. ಎಸ್‌ಆರ್, ಇಆರ್, ಎಕ್ಸ್‌ಎಲ್ ಎಂದು ಬರೆದಿದ್ದರೆ ಅದು ಔಷಧವನ್ನು ನಿಧಾನವಾಗಿ ಬಿಡುವ ಮಾತ್ರೆ; ಔಷಧದಂಗಡಿಯವರನ್ನು ಕೇಳದೆ ಕೈಹಚ್ಚಬೇಡಿ.

ಮುರಿಯುವುದು ಅನಿವಾರ್ಯವಾದಲ್ಲಿ ಪ್ರತಿ ತುಂಡಿನ ಪ್ರತಿ ಔಷಧವನ್ನೂ ಅಳೆದು ಖಾತ್ರಿಪಡಿಸುವುದು ತಯಾರಕರ ಹೊಣೆ. ಅದನ್ನು ಕೇಳಿ ಪಡೆಯುವುದು ನಿಯಂತ್ರಕರ ಹೊಣೆ. ಮಕ್ಕಳಿಗಂತೂ ಅವರದೇ ಮಾತ್ರೆ ಬೇಕು. ಅಬಾಕವಿರ್, ಡೊಲುಟೆಗ್ರವಿರ್, ಲ್ಯಾಮಿವುಡಿನ್ ಸೇರಿದ, ನೀರಲ್ಲಿ ಕರಗುವ ಮಕ್ಕಳ ಮಾತ್ರೆಗೆ 2022ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ. ಎಚ್‌ಐವಿಯಲ್ಲಿ ಸಾಧ್ಯವಾದದ್ದು ಉಳಿದ ಕಾಯಿಲೆಗಳಲ್ಲೂ ಆಗಬೇಕು.