ಸಸಾರಜನಕ ಮತ್ತು ಹೃದಯ: ಸಂಶೋಧನೆಯ ಸುದ್ದಿಯನ್ನು ಅರಿಯುವ ಬಗೆ



ಮಿಡಿಗೇಶಿ, ಮಧುಗಿರಿ, ಪಾವಗಡದ ಕಡೆಯ ಹೊಲಗಳಿಗೆ ಹುರುಳಿ, ತೊಗರಿ, ಅವರೆ, ಕಡಲೆಕಾಯಿ ಹೊಸದಲ್ಲ. "ಸಸಾರಜನಕ ತಿಂದರೆ ಹೃದ್ರೋಗ ಬಾರದು" ಎಂಬ ಸುದ್ದಿ ಓದಿ, ಇವನ್ನೆಲ್ಲ ಮಾರಿದ ಹಣದಲ್ಲಿ ಪೇಟೆಯ ಪ್ರೋಟೀನ್ ಪುಡಿಯ ಡಬ್ಬಿ ತರಬೇಕೆ? ತರುವ ಮುನ್ನ ಈ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿ.

ಉದಾಹರಣೆಗೆ, 2016ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನವನ್ನು ತೆಗೆದುಕೊಳ್ಳೋಣ. ಅದರಲ್ಲಿ 1,31,342 ಜನರ ಊಟದ ವಿವರವನ್ನು ಹಲವು ವರ್ಷ ಬರೆದಿಟ್ಟರು. ಆಹಾರದ ಒಟ್ಟು ಶಕ್ತಿಯಲ್ಲಿ ಸಸ್ಯಮೂಲದ ಸಸಾರಜನಕದ ಪಾಲು ಶೇ. 3ರಷ್ಟು ಹೆಚ್ಚಿದಂತೆ ಹೃದಯ ಮತ್ತು ರಕ್ತನಾಳಗಳ ರೋಗದಿಂದಾಗುವ ಸಾವು ಸುಮಾರು ಶೇ. 12 ಕಡಿಮೆ ಕಂಡಿತು.

1. ಇದು ಪ್ರಯೋಗವೇ, ಅವಲೋಕನವೇ?

ಕಡಲೆಕಾಯಿಗೆ ಜಿಪ್ಸಂ ಹಾಕಿದವರ ಹೊಲದಲ್ಲಿ ಇಳುವರಿ ಹೆಚ್ಚು ಬಂದಿತೆನ್ನಿ. ಅವರೇ ಸಕಾಲಕ್ಕೆ ಬಿತ್ತಿ, ಕಳೆ ತೆಗೆದವರೂ ಆಗಿದ್ದರೆ ಲಾಭ ಯಾವುದರಿಂದ? ಅದಕ್ಕೇ ಸಂಶೋಧನಾ ಕ್ಷೇತ್ರದಲ್ಲಿ ಒಂದೇ ನೆಲವನ್ನು ತಾಕುಗಳಾಗಿ ವಿಂಗಡಿಸಿ, ಚೀಟಿ ಎತ್ತಿದಂತೆ ಉಪಚಾರ ಹಂಚುತ್ತಾರೆ. ಮೇಲಿನ ಅಧ್ಯಯನ ಹಾಗೆ ಹಂಚಿದ್ದಲ್ಲ, ನೋಡಿ ಬರೆದದ್ದು. ಕಾಳು ತಿನ್ನುವವರು ಧೂಮಪಾನ ಕಡಿಮೆ ಮಾಡುವವರೂ ಆಗಿರಬಹುದು. ಇಂಥವನ್ನು ಲೆಕ್ಕದಲ್ಲಿ ಸರಿದೂಗಿಸಿದರೂ ಅನುಮಾನ ಪೂರ್ತಿ ಹೋಗದು.

2. ಯಾವುದರ ಬದಲು ಯಾವುದು?

ಹೊಟ್ಟೆಗೆ ಮಿತಿಯುಂಟು. ಕೊಬ್ಬಿನ ಮಾಂಸದ ಬದಲು ಹುರುಳಿ ತಿಂದರೆ ಸಿಗುವ ಫಲ ಬೇರೆ, ಈಗಿನ ಊಟದ ಮೇಲೆ ಪುಡಿ ಸೇರಿಸಿದರೆ ಸಿಗುವುದು ಬೇರೆ. ಕಾಳಿನಲ್ಲಿ ನಾರೂ ಇದೆ. ಪುಡಿಯಲ್ಲಿ ಅದು ಇರಬೇಕೆಂದಿಲ್ಲ.

3. ಶೇ. 12 ಎಂದರೆ ಎಷ್ಟು ಜನ?

ಸಾವಿರ ಜನರಲ್ಲಿ 50 ಮಂದಿ ಸಾಯುವ ಕಡೆ ಅದು 44ಕ್ಕೆ ಇಳಿದರೆ ಶೇ. 12 ಕಡಿಮೆಯಾದಂತೆ. ಉಳಿದ ಆರು ಜೀವ ಸಣ್ಣದಲ್ಲ; ಆದರೂ ರೋಗವೇ ಬಾರದೆಂದು ಅರ್ಥವಲ್ಲ.

4. ಯಾರ ಮೇಲೆ ನಡೆದದ್ದು?

ಅಲ್ಲಿ ಭಾಗವಹಿಸಿದವರು ಅಮೆರಿಕದ ದಾದಿಯರು ಮತ್ತು ಆರೋಗ್ಯ ವೃತ್ತಿಯವರು. ಮುದ್ದೆ, ಅನ್ನವೇ ಹೆಚ್ಚಾದ ನಮ್ಮ ಊಟಕ್ಕೆ ಆ ಅಂಕಿ ಹಾಗೆಯೇ ಹೊಂದದು.

ನಮ್ಮ ತಟ್ಟೆಯ ಲೆಕ್ಕ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ, ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಸಸಾರಜನಕ ಸಾಕು. 60 ಕಿಲೋ ತೂಗುವವರಿಗೆ ಸುಮಾರು 50 ಗ್ರಾಂ. ರಾಗಿ ಹಿಟ್ಟು 250 ಗ್ರಾಂ, ಹುರುಳಿ 50 ಗ್ರಾಂ, ತೊಗರಿಬೇಳೆ 30 ಗ್ರಾಂ, ಕಡಲೆಬೀಜ 25 ಗ್ರಾಂ, ಹಾಲು ಕಾಲು ಲೀಟರು: ಇಷ್ಟರಲ್ಲೇ ಹೆಚ್ಚುಕಡಿಮೆ ಆ ಪ್ರಮಾಣ ದೊರೆಯುತ್ತದೆ. ಏಕದಳದ ಕೊರತೆಯನ್ನು ದ್ವಿದಳ ತುಂಬುವುದರಿಂದ ಮುದ್ದೆಗೆ ಹುರುಳಿ ಸಾರು ಒಳ್ಳೆಯ ಜೋಡಿ. ಅದೇ ಮಂಡಳಿಯ 2024ರ ಆಹಾರ ಮಾರ್ಗಸೂಚಿಯೂ ಪ್ರೋಟೀನ್ ಪುಡಿಗಳಿಂದ ದೂರವಿರಲು ಹೇಳಿದೆ.

ಗಮನಿಸಿ: ಉಪ್ಪು ದಿನಕ್ಕೆ 5 ಗ್ರಾಂ ಮೀರದಿರಲಿ. ಬೂಷ್ಟು ಹಿಡಿದ ಕಡಲೆಬೀಜವನ್ನು ತಿನ್ನಬೇಡಿ. ಮೂತ್ರಪಿಂಡದ ತೊಂದರೆಯಿರುವವರು ಸಸಾರಜನಕದ ಪ್ರಮಾಣವನ್ನು ವೈದ್ಯರಿಂದಲೇ ತಿಳಿಯಬೇಕು. ಎದೆನೋವು ಬಂದಾಗ ಆಹಾರದ ಉಪಚಾರ ಮಾಡುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಿರಿ.

ಈ ಸಲ ಹುರುಳಿ ಒಕ್ಕಿದಾಗ ಮನೆಯ ಮಂದಿಗೆ ವರ್ಷಕ್ಕಾಗುವಷ್ಟನ್ನು ಮೊದಲು ತೆಗೆದಿಟ್ಟು, ಮಿಕ್ಕಿದ್ದನ್ನು ಮಂಡಿಗೆ ಕಳಿಸಿರಿ.